ಶಾಲೆ ಗೇಟಿಗೆ ಬೀಗ ಬೇಡ, ಒಬ್ಬ ಕಾವಲುಗಾರನನ್ನು ಕೊಡಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮ ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ನಡೆದ ರಾಜ್ಯೋತ್ಸವದಲ್ಲಿ ನೀವು ಮೂರು ಮಾತು ಕೊಟ್ಟಿರಿ. ಕಾಂಪೌಂಡ್ ಎತ್ತರಿಸುತ್ತೇವೆ, ರಸ್ತೆ ಕಡೆಗೆ ಕಮಾನು ಕಟ್ಟಿಸುತ್ತೇವೆ, ಸಂಜೆ ನಾಲ್ಕೂವರೆ ಆದ ಮೇಲೆ ಗೇಟಿಗೆ ಬೀಗ ಹಾಕಿಸುತ್ತೇವೆ ಅಂತ. ಚಪ್ಪಾಳೆ ಜೋರಾಗಿಯೇ ಬಿತ್ತು. ಕಾಂಪೌಂಡ್ ಬಗ್ಗೆ ನನ್ನ ತಕರಾರಿಲ್ಲ. ಕಮಾನಿನ ಮೇಲೆ ಯಾರ ಹೆಸರು ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು, ಅದೂ ಇರಲಿ. ನಾನು ಬರೆಯುತ್ತಿರುವುದು ಬೀಗದ ಬಗ್ಗೆ.

ಶಾಲೆಯ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ನನ್ನ ಇಬ್ಬರು ಮಕ್ಕಳೂ ಅಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಿದರು. ಜೂನ್ ಬಂತೆಂದರೆ ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ನನ್ನ ಮೆಷಿನ್ ಮೇಲೆ ಹಾದು ಹೋಗುತ್ತವೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಅಂತ ವಿದ್ಯಾರ್ಥಿವೇತನ ನಿಂತು ಹೋದ ಮಕ್ಕಳ ಅಮ್ಮಂದಿರು ಮೊದಲು ಬಂದು ಕೇಳುವುದು ನನ್ನನ್ನೇ. ಹೀಗಾಗಿ ಯಾವ ಮಗುವಿನ ಊರು ರಾಯಚೂರು, ಯಾವುದು ಯಾದಗಿರಿ, ಯಾರ ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ ಅನ್ನುವುದೆಲ್ಲ ಗೊತ್ತಿದೆ. ಬೇಡ ಅಂದರೂ ಗೊತ್ತಾಗುತ್ತದೆ.

ಈ ಮಕ್ಕಳ ಅಮ್ಮಂದಿರಲ್ಲಿ ಜಾಸ್ತಿ ಜನ ಬೆಂಗಳೂರಿನ ಪೀಣ್ಯ, ಮಾಗಡಿ ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು. ಶಾಲೆ ಬಿಡುವುದು ನಾಲ್ಕೂವರೆಗೆ. ಅವರ ಶಿಫ್ಟ್ ಬಿಡುವುದು ಐದೂವರೆ, ಆರಕ್ಕೆ. ಬಸ್ ಹಿಡಿದು, ದಾರಿಯಲ್ಲಿ ಸೊಪ್ಪು ತರಕಾರಿ ಕೊಂಡು ಮನೆ ಸೇರುವಾಗ ಏಳು ಗಂಟೆ. ಆ ಎರಡೂವರೆ ಗಂಟೆ ಮಕ್ಕಳು ಎಲ್ಲಿರಬೇಕು? ಮನೆ ಅಂದರೆ ಒಂದೇ ಕೋಣೆಯ ಶೀಟ್ ಮನೆ. ಬೇಸಿಗೆಯಲ್ಲಿ ಸಂಜೆ ಹೊತ್ತು ಒಳಗೆ ಕೂರಲು ಆಗುವುದಿಲ್ಲ. ಅದಕ್ಕೇ ಅವು ಮೈದಾನದಲ್ಲೇ ಇರುತ್ತವೆ.

ನೀವು ಒಂದು ಸಂಜೆ ಬಂದು ನೋಡಬೇಕು ಸಾರ್. ನೀಲಗಿರಿ ಮರದ ಪಕ್ಕ ಹಳೇ ವಿದ್ಯಾರ್ಥಿಗಳು ಕಬಡ್ಡಿ ಹೇಳಿಕೊಡುತ್ತಿರುತ್ತಾರೆ. ವರಾಂಡದಲ್ಲಿ ಹತ್ತನೇ ಕ್ಲಾಸಿನ ಹುಡುಗಿಯರು ನಮ್ಮ ಅಂಗಡಿಯಲ್ಲೇ ತೆಗೆಸಿದ ಮಾದರಿ ಪ್ರಶ್ನೆಪತ್ರಿಕೆ ಹರಡಿಕೊಂಡು ಗಣಿತ ಮಾಡುತ್ತಿರುತ್ತಾರೆ. ಹೊಸ ಅಪಾರ್ಟ್‌ಮೆಂಟಿನ ಒಬ್ಬ ಇಂಜಿನಿಯರ್ ವಾಕಿಂಗಿಗೆ ಅಂತ ಬಂದವರು ಈಗ ವಾರಕ್ಕೆರಡು ದಿನ ಅಲ್ಲಿ ಕೂತು ಪಾಠ ಹೇಳುತ್ತಾರೆ. ಯಾರೂ ಕೇಳಿರಲಿಲ್ಲ. ತಮಿಳು ಮಾತಾಡುವ ಅಜ್ಜಿಯೊಬ್ಬರು ಮೊಮ್ಮಗಳ ಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅಷ್ಟು ಜನ ದೊಡ್ಡವರ ಕಣ್ಣು ಇರುವ ಜಾಗ ನಮ್ಮ ಏರಿಯಾದಲ್ಲಿ ಬೇರೆ ಇಲ್ಲ.

ಯಾಕಿಲ್ಲ ಅಂದರೆ ಅದು ನಿಮಗೂ ಗೊತ್ತಿರುವ ಕಥೆ. ಇಲ್ಲಿ ಎದ್ದ ಬಡಾವಣೆಗಳೆಲ್ಲ ರೆವಿನ್ಯೂ ಲೇಔಟ್‌ಗಳು. ಹೊಲ ಗದ್ದೆಯನ್ನು ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು ಸೈಟು ಮಾಡಿ ಮಾರಿದರು. ಪಾರ್ಕಿಗೂ ಮೈದಾನಕ್ಕೂ ಯಾರೂ ಜಾಗ ಬಿಡಲಿಲ್ಲ. ಮೊದಲು ಗ್ರಾಮ ಪಂಚಾಯಿತಿ, 2007ರಲ್ಲಿ ಬಿಬಿಎಂಪಿ, 2025ರಿಂದ ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳಲ್ಲಿ ಒಂದು. ಕಚೇರಿಯ ಬೋರ್ಡು ಬದಲಾಯಿತು, ಆಟದ ಮೈದಾನ ಒಂದೂ ಹೊಸದಾಗಿ ಬರಲಿಲ್ಲ. ಹಳ್ಳಿಯಾಗಿದ್ದಾಗ ಶಾಲೆಗೆ ಅಂತ ಬಿಟ್ಟ ಈ ಜಾಗವೇ ಎಲ್ಲಕ್ಕೂ. ಓಟು ಹಾಕುವುದು ಇಲ್ಲಿ. 2021ರಲ್ಲಿ ಕೋವಿಡ್ ಲಸಿಕೆಗೆ ನಾವೆಲ್ಲ ಸಾಲು ನಿಂತದ್ದೂ ಇದೇ ವರಾಂಡದಲ್ಲಿ.

ಬೀಗ ಹಾಕಿಸಿ ಅಂತ ನಿಮಗೆ ಮನವಿ ಕೊಟ್ಟವರ ಮಾತನ್ನು ನಾನು ಸುಳ್ಳು ಅನ್ನುತ್ತಿಲ್ಲ. ಸೋಮವಾರ ಬೆಳಗ್ಗೆ ಮೈದಾನದಲ್ಲಿ ಬಿಯರ್ ಬಾಟಲಿ ಬಿದ್ದಿರುತ್ತವೆ. ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಮುಂಚೆ ಬಿಸಿಯೂಟದ ಅಡುಗೆ ಅಕ್ಕಂದಿರೇ ಗಾಜು ಗುಡಿಸುವುದನ್ನು ಕಂಡಿದ್ದೇನೆ. ಆದರೆ ಆ ಬಾಟಲಿ ಒಡೆಯುವುದು ರಾತ್ರಿ ಹತ್ತರ ಮೇಲೆ. ಒಡೆಯುವವರು ಗೇಟಿನಿಂದ ಬರುವವರಲ್ಲ, ಹಿಂದಿನ ಮೋರಿ ಕಡೆಯಿಂದ ಗೋಡೆ ಹಾರಿ ಬರುವವರು. ನಾಲ್ಕೂವರೆಗೆ ಬೀಗ ಹಾಕಿದರೆ ಅವರಿಗೇನೂ ತೊಂದರೆ ಇಲ್ಲ. ಇನ್ನೂ ಬೇಗ ಬರಬಹುದು, ಒಳಗೆ ಯಾರೂ ಇರುವುದಿಲ್ಲವಲ್ಲ. ಹೊರಗೆ ಉಳಿಯುವವರು ಕಬಡ್ಡಿ ಹುಡುಗರು, ಗಣಿತ ಮಾಡುವ ಹುಡುಗಿಯರು ಮತ್ತು ಆ ಅಜ್ಜಿ.

ನನಗೆ ಭಯ ಇರುವುದು ಒಂಬತ್ತನೇ ಕ್ಲಾಸಿನ ಹುಡುಗರ ಬಗ್ಗೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದ ತನಕ ಮಾತ್ರ. ಆಮೇಲೆ ಹುಡುಗ ಶಾಲೆಗೆ ಬರದಿದ್ದರೆ ಕೇಳುವವರು ಕಡಿಮೆ. ಬಿಟ್ಟು ಹೋಗುವ ಹುಡುಗ ಒಂದೇ ದಿನಕ್ಕೆ ಬಿಡುವುದಿಲ್ಲ. ಮೊದಲು ಸಂಜೆ ಗ್ಯಾರೇಜಿನ ಹತ್ತಿರ ಸುಮ್ನೆ ನಿಂತಿರುತ್ತಾನೆ. ಆಮೇಲೆ ಅಲ್ಲೇ ಕೈಗೆಲಸ ಮಾಡುತ್ತಾನೆ. ನೂರು ಇನ್ನೂರು ಕೈಗೆ ಬಂದ ಮೇಲೆ ಶನಿವಾರ ಶಾಲೆ ತಪ್ಪುತ್ತದೆ. ಅಂಗಡಿಯಲ್ಲಿ ಕೂತು ಎಷ್ಟೋ ಹುಡುಗರನ್ನು ಹೀಗೆ ನೋಡಿದ್ದೇನೆ. ಸಂಜೆ ಮೈದಾನ ಇದ್ದಿದ್ದರಿಂದ ಉಳಿದವರನ್ನೂ ನೋಡಿದ್ದೇನೆ.

ಪರೀಕ್ಷೆಯೂ ಮೊದಲಿನಂತಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿ ಕೊಠಡಿಗಳಲ್ಲಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಕೃಪಾಂಕ ಜಾಸ್ತಿ ಕೊಟ್ಟ ಮೇಲೂ ಶೇ. 73.40ಕ್ಕೆ ಬಂತು. ಕ್ಯಾಮೆರಾ ಹಾಕಿದ್ದು ಸರಿ. ಆದರೆ ಓದಿಯೇ ಪಾಸಾಗಬೇಕು ಅಂದ ಮೇಲೆ ಓದಲು ಒಂದು ಜಾಗ ಬೇಕಲ್ವಾ? ಟ್ಯೂಷನ್ನಿಗೆ ದುಡ್ಡು ಇರುವ ಮನೆಗಳಲ್ಲ ಇವು.

ಈ ಮಕ್ಕಳಿಗೆ ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಬಿಸಿಯೂಟ ಇದೆ. 2013ರಿಂದ ಹಾಲು ಕೊಡುತ್ತಿದ್ದಾರೆ. 2024ರಲ್ಲಿ ಮೊಟ್ಟೆ ವಾರದ ಆರು ದಿನಕ್ಕೂ ಬಂತು. 2023ರ ಶಕ್ತಿ ಯೋಜನೆಯಿಂದ ಹುಡುಗಿಯರು ಬಿಎಂಟಿಸಿಯಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಇವೆಲ್ಲ ಶಾಲೆಯ ಹೊತ್ತಿನ ವ್ಯವಸ್ಥೆ. ಶಾಲೆ ಬಿಟ್ಟ ಮೇಲಿನ ಹೊತ್ತನ್ನು ಇಷ್ಟು ದಿನ ಯಾವ ಖರ್ಚೂ ಇಲ್ಲದೆ ನೋಡಿಕೊಂಡವರು ಈ ಏರಿಯಾದ ಜನ. ಬೀಗ ಬಿದ್ದರೆ ಅದಕ್ಕೇ ಪೆಟ್ಟು.

ನಿಮ್ಮ ಕಷ್ಟವೂ ನನಗೆ ಅರ್ಥವಾಗುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಗೋಡೆ ಕಟ್ಟಬಹುದು, ಸಂಬಳ ಕೊಡಲು ಬರುವುದಿಲ್ಲ. ಅದಕ್ಕೇ ಎಲ್ಲ ಶಾಲೆಗಳಲ್ಲೂ ಕಟ್ಟಡ ಏಳುತ್ತದೆ, ಅದನ್ನು ಕಾಯಲು ಆಳಿಲ್ಲ. ನಮ್ಮ ಶಾಲೆಯ ಡಿ ದರ್ಜೆ ನೌಕರರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಬೆಳಗ್ಗೆ ಕೊಠಡಿಗಳ ಬೀಗ ತೆಗೆಯುವವರೂ ಎಚ್ಚೆಮ್ ಮೇಡಂ, ಸಂಜೆ ಹಾಕುವವರೂ ಅವರೇ.

ಹಾಗಾಗಿ ನಾನು ಕೇಳುವುದು ಇಷ್ಟು. ಪಾಲಿಕೆಯವರು ಪಾರ್ಕುಗಳನ್ನು ನೋಡಿಕೊಳ್ಳಲು ಗುತ್ತಿಗೆಯಲ್ಲಿ ಜನ ಇಡುತ್ತಾರೆ. ನಮ್ಮಲ್ಲಿ ಪಾರ್ಕೇ ಇಲ್ಲ, ಇರುವುದು ಈ ಮೈದಾನ. ಸಂಜೆ ನಾಲ್ಕೂವರೆಯಿಂದ ಬೆಳಗಿನ ತನಕ ಇಲ್ಲಿಗೂ ಕಾವಲು ಕೊಡಿ ಅಂತ ಪಾಲಿಕೆ ಕಮಿಷನರ್‌ಗೆ ನೀವೇ ಪತ್ರ ಬರೆಯಿರಿ. ಅಲ್ಲಿ ಆಗದಿದ್ದರೆ ಪೀಣ್ಯದ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಸಿಎಸ್‌ಆರ್ ಹಣ ಕೇಳಿ. ನಾವು ಕೇಳಿದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ನೀವು ಫೋನ್ ಮಾಡಿದರೆ ಎತ್ತುತ್ತಾರೆ. ಗೇಟು ರಾತ್ರಿ ಎಂಟರವರೆಗೆ ತೆರೆದಿರಲಿ, ಆಮೇಲೆ ಬೀಗ ಬೀಳಲಿ. ಕಮಾನಿನ ದುಡ್ಡಿನಲ್ಲಿ ಒಂದು ಹೈಮಾಸ್ಟ್ ದೀಪ ಹಾಕಿಸಿ, ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಮತ್ತು ನೀರಿನ ಲೈನ್ ಮಾಡಿಸಿ. ಅದರ ಮೇಲೂ ನಿಮ್ಮ ಹೆಸರು ಬರೆಸಿ, ಯಾರೂ ಬೇಡ ಅನ್ನುವುದಿಲ್ಲ.

ಕಾಂಪೌಂಡ್ ಎತ್ತರಿಸುವ ಮುಂಚೆ ಸರ್ವೆ ಮಾಡಿಸುವುದನ್ನು ಮರೆಯಬೇಡಿ. ಪೂರ್ವದ ಕಡೆ ಗೋಡೆ ಬಾಗಿರುವುದು ಮಳೆಯಿಂದಲ್ಲ, ಪಕ್ಕದ ಶೆಡ್‌ನವರು ಒತ್ತಿದ್ದರಿಂದ. ಈಗಿರುವ ಗೆರೆಯ ಮೇಲೇ ಹೊಸ ಗೋಡೆ ಎದ್ದರೆ ಹೋದ ಜಾಗ ಹೋದಂತೆಯೇ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಹುಟ್ಟುಹಬ್ಬದ ಟೆನಿಸ್ ಬಾಲ್ ಟೂರ್ನಿಗೆ ತೋಡಿದ ಪೆಂಡಾಲ್ ಗುಂಡಿಗಳು ಇನ್ನೂ ಮುಚ್ಚಿಲ್ಲ. ಕಬಡ್ಡಿ ಹುಡುಗರ ಕಾಲು ಉಳುಕುತ್ತಿದೆ. ನಿಮ್ಮ ಕಡೆಯ ಹುಡುಗರನ್ನು ಕಳಿಸಿ ಮುಚ್ಚಿಸಿ.

ಗುದ್ದಲಿ ಪೂಜೆಗೆ ದಿನ ಗೊತ್ತು ಮಾಡುವ ಮೊದಲು ಪೋಷಕರ ಸಭೆ ಕರೆಯಿರಿ. ಭಾನುವಾರ ಕರೆದರೆ ಒಳ್ಳೆಯದು, ಗಾರ್ಮೆಂಟ್ಸ್‌ಗೆ ರಜೆ ಇರುತ್ತದೆ, ಅಮ್ಮಂದಿರು ಬರುತ್ತಾರೆ. ನೋಟಿಸಿನ ಜೆರಾಕ್ಸ್ ಖರ್ಚು ನನ್ನದು.

ಇಂತಿ,
ಶಾಲೆಯ ಎದುರಿನ ಅಂಗಡಿಯವನು