ಎಫ್-734ಕ್ಕೆ ನಮ್ಮಲ್ಲೂ ಒಂದು ಜಾಗ ಕೊಡಿ: ರೈಲ್ವೆ ರಾಜ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ರೈಲ್ವೆ ರಾಜ್ಯ ಸಚಿವರಿಗೆ ನಮಸ್ಕಾರ.

ಹೊಸ ರೈಲು, ಜೋಡಿ ಹಳಿ, ಮೇಲ್ಸೇತುವೆ ಅಂತ ತಮ್ಮ ಟೇಬಲ್ ಮೇಲೆ ನೂರೆಂಟು ಅರ್ಜಿ ಬಿದ್ದಿರುತ್ತವೆ. ನನ್ನದು ಸಣ್ಣದು. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಎಫ್-734 ಅನ್ನೋ ಹಳೆಯ ಮೀಟರ್ ಗೇಜ್ (ಎರಡು ಹಳಿಯ ನಡುವೆ ಒಂದು ಮೀಟರ್ ಅಂತರದ ದಾರಿಯ) ಉಗಿ ಇಂಜಿನ್ ಇದೆ. ಅದರ ಪೂರ್ತಿ ಅಳತೆಯ ಮಾದರಿಯೊಂದನ್ನು ಮೈಸೂರಿನ ಅಥವಾ ಹುಬ್ಬಳ್ಳಿಯ ರೈಲು ಮ್ಯೂಸಿಯಂನಲ್ಲಿ ಇಡಿಸಿಕೊಡಿ. ಒಂದು ಪಕ್ಕ ತೆರೆದಿಟ್ಟು, ಒಳಗೆ ಏನು ನಡೆಯುತ್ತಿತ್ತು ಅಂತ ಕನ್ನಡದಲ್ಲಿ ಬರೆಸಿ. ಇಷ್ಟೇ ನನ್ನ ಬೇಡಿಕೆ. ಅದಕ್ಕೆ ಕಾರಣ ಮಾತ್ರ ಸ್ವಲ್ಪ ಉದ್ದ ಇದೆ, ಓದಬೇಕು.

ನಮ್ಮ ದೇಶದಲ್ಲಿ ರೈಲು ಇಂಜಿನ್ ಮೊದಲು ತಯಾರಾಗಿದ್ದು ಯಾವಾಗ ಅಂತ ಕೇಳಿದರೆ ತುಂಬಾ ಜನ ಬಂಗಾಳದ ಚಿತ್ತರಂಜನ್ ಕಾರ್ಖಾನೆ, 1950 ಅನ್ನುತ್ತಾರೆ. ಆದರೆ 1895ರಲ್ಲೇ ರಾಜಸ್ಥಾನದ ಅಜ್ಮೇರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿ ಈ ಎಫ್-734 ತಯಾರಾಗಿತ್ತು. ಪೂರ್ತಿಯಾಗಿ ಭಾರತದಲ್ಲೇ ಕಟ್ಟಿದ ಮೊದಲ ಇಂಜಿನ್ ಅಂತ ಅದಕ್ಕೆ ಹೆಸರು. ತೂಕ 38.5 ಟನ್. ಆಗಿನ ಖರ್ಚು 15,869 ರೂಪಾಯಿ. 63 ವರ್ಷ ದುಡಿದು 1958ರಲ್ಲಿ ನಿವೃತ್ತಿಯಾಯಿತು. ನನಗೆ ಇದರಲ್ಲಿ ಇಷ್ಟವಾದ ಸಂಗತಿ ಬೇರೆ. ಅಜ್ಮೇರಿನವರು ಮೊದಲು ಕೈ ಹಾಕಿದ್ದು ಮೇಲ್ ಗಾಡಿ ಎಳೆಯುವ ಚೆಂದದ ಇಂಜಿನ್‌ಗಲ್ಲ. ಉಪ್ಪು, ಕಾಳು, ಹತ್ತಿ ಹೊರುವ ಗೂಡ್ಸ್ ಗಾಡಿಗೂ, ಜನರೂ ಸರಕೂ ಇರುವ ಮಿಶ್ರ ಗಾಡಿಗೂ ಬಳಸುವ ಇಂಜಿನ್‌ಗೆ.

ಎಫ್ ಅನ್ನೋದು ಇಂಜಿನ್ ವರ್ಗದ ಹೆಸರು; ಆ ವರ್ಗ 734ಕ್ಕಿಂತಲೂ ಹಳೆಯದು. ದೆಹಲಿಯಿಂದ ರೇವಾಡಿ ಕಡೆಗೆ ಮೊದಲ ಮೀಟರ್ ಗೇಜ್ ಗಾಡಿ ಓಡಿದ್ದು 1873ರಲ್ಲಿ. ಅದಾದ ಸ್ವಲ್ಪ ದಿನಕ್ಕೇ ಎಫ್ ಬಂತು. ಆಗ ಇಂಜಿನ್ ವರ್ಗಗಳಿಗೆ ಸುಮ್ನೆ ಎ, ಬಿ, ಸಿ ಅಂತ ಅಕ್ಷರ ಇಡುತ್ತಿದ್ದರು. ಬ್ರಿಟನ್ನಿನ ಕಾರ್ಖಾನೆಗಳಿಂದ ಹಡಗಿನಲ್ಲಿ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. 1920ರ ದಶಕದ ತನಕ ಅದೇ ಮೂಲ ವಿನ್ಯಾಸದ ನೂರಾರು ಇಂಜಿನ್ ತಯಾರಾದವು. ಸುಮಾರು ಐವತ್ತು ವರ್ಷ ಒಂದೇ ನಕ್ಷೆ ಬಾಳಿತು ಅಂದರೆ ಅದರಲ್ಲಿ ಏನೋ ಇರಬೇಕಲ್ವಾ?

ಇತ್ತು. ಅಂದಿನ ಮೀಟರ್ ಗೇಜ್ ಹಳಿಗಳು ತೆಳು. ಭಾರದ ಇಂಜಿನ್ ಬಂದರೆ ಬಾಗುತ್ತಿದ್ದವು. ಹಗುರ ಇಂಜಿನ್ ಬಂದರೆ ಗಾಲಿ ಜಾರಿ ನಿಂತಲ್ಲೇ ತಿರುಗುತ್ತಿತ್ತು. ಉಕ್ಕಿನ ಗಾಲಿಗೆ ಹಳಿಯ ಮೇಲೆ ಹಿಡಿತ ಸಿಗುವುದೇ ಭಾರದಿಂದ. ಎಫ್‌ನಲ್ಲಿ ಇದಕ್ಕೆ ಕೊಟ್ಟ ಉತ್ತರ ಸರಳ. ಮುಂದೆ ದಾರಿ ತೋರುವ ಪುಟ್ಟ ಗಾಲಿಗಳಿಲ್ಲ, ಹಿಂದೆಯೂ ಇಲ್ಲ. ಇರುವುದು ಆರೇ ಗಾಲಿ, ಆರಕ್ಕೆ ಆರೂ ಒಟ್ಟಿಗೆ ತಿರುಗುವಂತೆ ಉಕ್ಕಿನ ರಾಡುಗಳಿಂದ ಜೋಡಿಸಿದ್ದು. ಇಂಜಿನ್ನಿನ ಭಾರ ಮೂರು ಅಚ್ಚಿಗೆ ಹಂಚಿಹೋಗುತ್ತದೆ, ಹಳಿ ಬದುಕುತ್ತದೆ. ಎಲ್ಲ ಗಾಲಿಯೂ ಎಳೆಯುವುದರಿಂದ ಅದರ ಒಂದು ಪೌಂಡ್ ಭಾರವೂ ದಂಡ ಆಗುವುದಿಲ್ಲ.

ಗಾಲಿಯ ಗಾತ್ರಕ್ಕೂ ಲೆಕ್ಕ ಇದೆ. ಎಫ್‌ನ ಗಾಲಿ ಎತ್ತರ ಹೆಚ್ಚುಕಡಿಮೆ ಮೂರೂವರೆ ಅಡಿ. ಒಂದು ಸುತ್ತಿಗೆ ಹನ್ನೊಂದು ಅಡಿ ಮುಂದೆ ಹೋಗುತ್ತದೆ. ಅದೇ ಕಾಲದ ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಎಕ್ಸ್‌ಪ್ರೆಸ್ ಇಂಜಿನ್‌ಗಳಲ್ಲಿ ಎಂಟಡಿಯ ಗಾಲಿಗಳಿದ್ದವು. ಒಂದು ಸುತ್ತಿಗೆ ಇಪ್ಪತ್ತೈದು ಅಡಿ. ಎರಡರಲ್ಲೂ ಆವಿ ತಳ್ಳುವ ಪಿಸ್ಟನ್ ಒಂದು ಸುತ್ತಿಗೆ ಹೋಗಿಬರುವುದು ಒಂದೇ ಸಲ. ಚಿಕ್ಕ ಗಾಲಿಯಲ್ಲಿ ಅಷ್ಟೇ ಆವಿಯ ಬಲ ಕಡಿಮೆ ದೂರಕ್ಕೆ ಬಳಕೆಯಾಗುತ್ತದೆ, ಹಾಗಾಗಿ ಎಳೆತ ಜಾಸ್ತಿ. ಓಟ ನಿಧಾನ. ಗೂಡ್ಸ್‌ಗೆ ಅದು ಸಾಕು.

ಇನ್ನೊಂದು ಜಾಣತನ ಚೌಕಟ್ಟಿನಲ್ಲಿದೆ. ಸಾಮಾನ್ಯವಾಗಿ ಇಂಜಿನ್ನಿನ ಉಕ್ಕಿನ ಚೌಕಟ್ಟು ಗಾಲಿಗಳ ಒಳಗಡೆ ಇರುತ್ತದೆ. ಮೀಟರ್ ಗೇಜಿನಲ್ಲಿ ಎರಡು ಹಳಿಯ ನಡುವೆ ಸಿಗುವುದೇ ಒಂದು ಮೀಟರ್. ಅದರಲ್ಲಿ ಚೌಕಟ್ಟೂ ತೂರಿದರೆ ಬೆಂಕಿ ಗೂಡಿಗೆ ಜಾಗ ಎಲ್ಲಿ? ಅದಕ್ಕೇ ಎಫ್‌ನಲ್ಲಿ ಚೌಕಟ್ಟನ್ನು ಗಾಲಿಗಳ ಹೊರಗೆ ತಂದರು. ಅಚ್ಚಿನ ತುದಿ ಚೌಕಟ್ಟನ್ನೂ ದಾಟಿ ಹೊರಗೆ ಬರುತ್ತದೆ, ಆ ತುದಿಗೆ ಗಾಲಿ ತಿರುಗಿಸುವ ದಪ್ಪ ತೋಳು, ಅಂದರೆ ಕ್ರ್ಯಾಂಕ್, ಅದಕ್ಕೆ ರಾಡು. ಪಕ್ಕದಿಂದ ನೋಡಿದರೆ ಗಾಲಿಗಳು ಅರ್ಧ ಮರೆಯಾಗಿರುತ್ತವೆ, ಕ್ರ್ಯಾಂಕ್‌ಗಳು ಎದುರಿಗೇ ತಿರುಗುತ್ತವೆ. ಎಣ್ಣೆ ಕ್ಯಾನ್ ಹಿಡಿದ ಡ್ರೈವರ್‌ಗೆ ಇದು ವರ. ಸ್ಟೇಷನ್ನಿನಲ್ಲಿ ನಿಂತಾಗ ಕೆಳಗಿಳಿದು ಬೇರಿಂಗ್ ಮೇಲೆ ಅಂಗೈ ಇಟ್ಟರೆ ಸಾಕು, ಬಿಸಿ ಏರಿದೆಯೋ ಇಲ್ಲವೋ ಗೊತ್ತಾಗುತ್ತದೆ. ಉತ್ತರದಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಗೂಡಿಗೆ ದಕ್ಷಿಣದ ಹಲವು ಲೈನುಗಳಲ್ಲಿ ಸೌದೆ ಹಾಕುತ್ತಿದ್ದರು. ಬಂಗಾಳದ ಕಲ್ಲಿದ್ದಲು ಇಲ್ಲಿಗೆ ಬರುವಷ್ಟರಲ್ಲಿ ದುಬಾರಿ. ಸೌದೆ ಬೇಗ ಉರಿದುಹೋಗುತ್ತದೆ, ಫೈರ್‌ಮನ್‌ಗೆ ಕೈ ಬಿಡುವೇ ಇಲ್ಲ.

ಇದೆಲ್ಲ ರಾಜಸ್ಥಾನದ ಕಥೆ, ನಮಗೇನು ಅಂತ ತಾವು ಕೇಳಬಹುದು. 1876-78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಬೆಂಗಳೂರಿನ ತನಕ ಮದ್ರಾಸಿನಿಂದ ರೈಲು ಇತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ಮೇವು, ನೀರು ಇಲ್ಲದೆ ಎತ್ತುಗಳೇ ಸಾಯುತ್ತಿದ್ದಾಗ ಗಾಡಿ ಎಳೆಯುವವರು ಯಾರು? ಆಗಲೇ ಬರ ಪರಿಹಾರದ ಕೆಲಸವಾಗಿ ಬೆಂಗಳೂರು-ಮೈಸೂರು ಮೀಟರ್ ಗೇಜ್ ಲೈನು ಶುರುವಾಯಿತು. ಹಸಿದ ಜನರೇ ಮಣ್ಣು ಹೊತ್ತರು. 1882ರ ಹೊತ್ತಿಗೆ ಗಾಡಿ ಮೈಸೂರು ಮುಟ್ಟಿತು. 1884ರಲ್ಲಿ ತುಮಕೂರು ಕಡೆಗೆ, 1889ರಲ್ಲಿ ಹರಿಹರಕ್ಕೆ. ಉತ್ತರ ಕರ್ನಾಟಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಹಾಕಿದ ಗದಗ, ಹೊಸಪೇಟೆ, ಹುಬ್ಬಳ್ಳಿ ಲೈನುಗಳೂ ಬರದ ಭಯದಿಂದ ಹುಟ್ಟಿದವೇ. ಈ ದಕ್ಷಿಣದ ಮೀಟರ್ ಗೇಜ್ ಜಾಲದಲ್ಲೂ ಎಫ್ ಇಂಜಿನ್ ದುಡಿದಿದೆ. ಎತ್ತಿನ ಗಾಡಿ ದಿನವಿಡೀ ನಡೆದು ಹೋಗುವ ದೂರವನ್ನು ಗೂಡ್ಸ್ ಗಾಡಿ ಒಂದು ಗಂಟೆಯಲ್ಲಿ ದಾಟುತ್ತಿತ್ತು.

ಇದನ್ನು ಬರೀ ಪುಣ್ಯದ ಕಥೆಯಾಗಿ ಬರೆಸಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಕಾಳು ತಂದ ಹಳಿಯ ಮೇಲೇ ಕಾಳು ಹೊರಗೂ ಹೋಯಿತು. ಧಾರವಾಡ ಸೀಮೆಯ ಹತ್ತಿ ಮರ್ಮಗೋವಾ ಬಂದರಿಗೆ ಹೋಗಿ ಹಡಗು ಹತ್ತಿತು. ಬೆಲೆ ದೂರದ ಪೇಟೆಯಲ್ಲಿ ತೀರ್ಮಾನವಾಗತೊಡಗಿತು. ಒಳಿತು, ಕೆಡುಕು ಎರಡನ್ನೂ ಫಲಕದ ಮೇಲೆ ಬರೆಸಿ.

ಮ್ಯೂಸಿಯಂ ಅಂದ ಕೂಡಲೇ ನಮ್ಮವರು ರಾಜರ ಸಲೂನ್ ಬೋಗಿ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಅದು ಚೆನ್ನಾಗಿಯೇ ಇದೆ. ಆದರೆ ಸಾಮಾನ್ಯವಾಗಿ ಗೂಡ್ಸ್ ಇಂಜಿನ್ ಪಕ್ಕದ ಫಲಕದಲ್ಲಿ ಇರುವುದು ವರ್ಷ, ಕಂಪನಿ, ತೂಕ. ಮಗು ಬಂದು ‘ಅಪ್ಪಾ, ಇದು ಹೇಗೆ ಓಡುತ್ತಿತ್ತು?’ ಅಂದರೆ ಅಪ್ಪನಿಗೂ ಗೊತ್ತಿರುವುದಿಲ್ಲ. ಒಂದು ಬಾಯ್ಲರನ್ನು ಸೀಳಿ ತೋರಿಸಿ. ಬೆಂಕಿಯ ಬಿಸಿ ಕೊಳವೆಗಳ ಒಳಗೆ ಹಾದುಹೋಗುವುದು, ಸುತ್ತಲಿನ ನೀರು ಕುದಿಯುವುದು, ಗೂಡಿನ ನೆತ್ತಿಯಲ್ಲಿರುವ ಸೀಸದ ಬಿರಡೆ ಕಾಣಲಿ. ನೀರು ತೀರ ಕಡಿಮೆಯಾದರೆ ಆ ಸೀಸ ಕರಗಿ ಆವಿ ನುಗ್ಗುತ್ತದೆ, ಬಾಯ್ಲರ್ ಸಿಡಿಯುವ ಮೊದಲೇ ಡ್ರೈವರ್‌ಗೆ ಎಚ್ಚರಿಕೆ ಸಿಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ಕ್ರ್ಯಾಂಕ್ ಸುತ್ತುವಂತೆ ಮಾಡಿದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ.

ಜೊತೆಗೆ ಇನ್ನೊಂದು ಕೆಲಸ, ಇದು ಅವಸರದ್ದು. ಎಫ್ ನಡೆಸಿದವರು ಈಗ ಸಿಗಲಾರರು. ಆದರೆ ಅದರ ನಂತರದ ತಲೆಮಾರಿನ ವೈಜಿ ಗೂಡ್ಸ್ ಇಂಜಿನ್‌ಗಳಿಗೆ ಕಲ್ಲಿದ್ದಲು ಹಾಕಿದವರು, ಬೇರಿಂಗ್ ಬದಲಿಸಿದವರು ಅರಸೀಕೆರೆ, ಹುಬ್ಬಳ್ಳಿ ಕಡೆ ಇನ್ನೂ ಇದ್ದಾರೆ. ನಮ್ಮ ಕಡೆ ಮೀಟರ್ ಗೇಜಿನ ಹೊಗೆ ನಿಂತದ್ದು 1990ರ ದಶಕದಲ್ಲಿ. ಅವರಿಗೆ ವಯಸ್ಸಾಗಿದೆ. ಏರಿನಲ್ಲಿ ಗಾಲಿ ಜಾರಿದಾಗ ಹಿಡಿತಕ್ಕೆ ಹಳಿಯ ಮೇಲೆ ಮರಳು ಎಷ್ಟು ಬಿಡಬೇಕು, ಗೂಡಿನ ಯಾವ ಮೂಲೆಗೆ ಎಷ್ಟು ಸಲಿಕೆ ಹಾಕಬೇಕು ಅನ್ನುವುದು ಅವರ ಕೈಯಲ್ಲಿ ಇದೆ, ಕಾಗದದ ಮೇಲೆ ಇರುವುದು ಕಡಿಮೆ. ನೈಋತ್ಯ ರೈಲ್ವೆಯ ಇಬ್ಬರು ಸಿಬ್ಬಂದಿಗೆ ಒಂದು ರೆಕಾರ್ಡರ್ ಕೊಟ್ಟು ಕಳಿಸಿದರೂ ಆಗುತ್ತದೆ. ವರ್ಕ್‌ಶಾಪ್‌ಗಳ ದಾಖಲೆ ಕೋಣೆಗಳಲ್ಲಿ ಹಳೆಯ ಇಂಜಿನ್ ನಕ್ಷೆಗಳು ಉಳಿದಿದ್ದರೆ ಅವನ್ನೂ ಸ್ಕ್ಯಾನ್ ಮಾಡಿಸಿ, ಜನರಿಗೆ ಸಿಗುವಂತೆ ಮಾಡಿ.

ಮಾದರಿ ಕಟ್ಟುವುದಕ್ಕೆ ಹೊರಗಿನವರು ಬೇಕಿಲ್ಲ. ಹುಬ್ಬಳ್ಳಿ, ಮೈಸೂರು ಎರಡೂ ಕಡೆ ರೈಲ್ವೆ ವರ್ಕ್‌ಶಾಪ್‌ಗಳಿವೆ, ಕೈ ಪಳಗಿದ ಫಿಟ್ಟರ್‌ಗಳಿದ್ದಾರೆ. ದೆಹಲಿಯ ಎಫ್-734ರ ಅಳತೆ ತೆಗೆಯುವುದಕ್ಕೆ ಅನುಮತಿ ಬೇಕು, ಅದು ತಮ್ಮ ಸಹಿಯಿಂದ ಆಗುವ ಕೆಲಸ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಇಂಜಿನ್‌ಗಳ ಹುಚ್ಚಿರುವ ಒಬ್ಬ ಪ್ರಯಾಣಿಕ