ಆ ದಿನ ನಾನು ನಗಬಾರದಿತ್ತು

ಪುಟ್ಟಿ,

ಹೋದ ಮೇ ತಿಂಗಳ ಮದುವೆ ನೆನಪಿದೆಯಾ? ಬನಶಂಕರಿಯ ಛತ್ರ. ಎರಡನೇ ಪಂಕ್ತಿಗೆ ಕೂತಿದ್ದೆವು. ಎದುರು ಸಾಲಿನಿಂದ ನಿನ್ನ ದೊಡ್ಡತ್ತೆ, "ಏನೇ, ಯಾವ ರೇಷನ್ ಅಂಗಡಿ ಅಕ್ಕಿಯೇ ನಿಂದು?" ಅಂತ ಕೂಗಿದರು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ನೀನು ಹೋಳಿಗೆಯನ್ನು ಎಲೆಯ ಅಂಚಿಗೆ ತಳ್ಳಿಬಿಟ್ಟೆ.

ವಾಪಸ್ ಬರುವಾಗ ಸ್ಕೂಟರಿನ ಹಿಂದಿನಿಂದ ಕೇಳಿದೆ: "ಅಪ್ಪಾ, ನಾನು ದಪ್ಪ ಇರೋದು ನಿಂಗೆ ನಾಚಿಕೆನಾ?" ಹೆಲ್ಮೆಟ್ ಹಾಕಿದ್ದರಿಂದ ಕೇಳಿಸಲಿಲ್ಲ ಅನ್ನೋ ಹಾಗೆ ಸುಮ್ಮನಿದ್ದೆ. ಕೇಳಿಸಿತ್ತು, ಪುಟ್ಟಿ. ಉತ್ತರ ಕೊಡೋಕೆ ಎಂಟು ತಿಂಗಳು ತೆಗೆದುಕೊಂಡೆ. ಇಲ್ಲ. ನಿನ್ನ ಬಗ್ಗೆ ಒಂದು ದಿನವೂ ನಾಚಿಕೆ ಆಗಿಲ್ಲ. ಆ ದಿನ ನಾನು ನಕ್ಕಿದ್ದಕ್ಕೆ ಮಾತ್ರ ಇವತ್ತಿಗೂ ನಾಚಿಕೆ ಆಗುತ್ತದೆ.

ಅದಾದ ಹತ್ತು ದಿನಕ್ಕೆ ನಿನ್ನ ಪುಸ್ತಕದ ಹಿಂದೆ ಅಮ್ಮನಿಗೆ ಬಿಸ್ಕತ್ತಿನ ಖಾಲಿ ಪೊಟ್ಟಣಗಳು ಸಿಕ್ಕವು. ನಮ್ಮೆದುರು ಅರ್ಧ ಊಟ, ಕತ್ತಲಲ್ಲಿ ಬಿಸ್ಕತ್ತು. ಆಗ ಡಾಕ್ಟರ ಹತ್ತಿರ ಹೋದೆವು. ಒಳಗೆ ನಡೆದದ್ದೆಲ್ಲ ನಿನಗೆ ಗೊತ್ತಿಲ್ಲ. ನಿನ್ನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದ್ದರಲ್ಲ, ಆಗಿನ ಮಾತು ಹೇಳುತ್ತೇನೆ.

ಥೈರಾಯ್ಡ್ ಅಂತ ಹೇಳಿಬಿಡಲಿ ಅಂತ ನನಗೆ ಒಳಗೊಳಗೇ ಆಸೆ. ಒಂದು ಮಾತ್ರೆ ನುಂಗಿಸಿ ಕೈ ತೊಳೆದುಕೊಳ್ಳಬಹುದಿತ್ತು. ಡಾಕ್ಟರು ನಿನ್ನ ಎತ್ತರ ನೋಡಿ ತಲೆ ಅಲ್ಲಾಡಿಸಿದರು. ಥೈರಾಯ್ಡ್ ಕಮ್ಮಿ ಇರುವ ಮಕ್ಕಳು ಸಾಮಾನ್ಯವಾಗಿ ಎತ್ತರದಲ್ಲೂ ಹಿಂದೆ ಬೀಳುತ್ತಾರಂತೆ. ನೀನು ಚೆನ್ನಾಗಿಯೇ ಬೆಳೆಯುತ್ತಿದ್ದೆ. ರಕ್ತ ಪರೀಕ್ಷೆಯಲ್ಲೂ ಥೈರಾಯ್ಡ್ ಸರಿಯಾಗೇ ಇತ್ತು.

ಆಮೇಲೆ ನಿನ್ನ ಕತ್ತಿನ ಕಪ್ಪು. ಅಜ್ಜಿ ಪ್ರತಿ ಭಾನುವಾರ ಕಡಲೆಹಿಟ್ಟು ಹಚ್ಚಿ ಉಜ್ಜುತ್ತಿದ್ದರಲ್ಲ, "ಸರಿಯಾಗಿ ಸ್ನಾನ ಮಾಡಲ್ಲ ಇವಳು" ಅಂತ ಬೈಯುತ್ತಾ. ಅದು ಕೊಳೆಯೇ ಅಲ್ಲ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಇದ್ದಾಗ ಕತ್ತು, ಕಂಕುಳಿನ ಚರ್ಮ ಹಾಗೆ ಕಪ್ಪಾಗಿ ದಪ್ಪಗಾಗುತ್ತದೆ. ಉಜ್ಜಿದರೆ ಹೋಗಲ್ಲ. ಅಷ್ಟು ಭಾನುವಾರ ಸುಮ್ನೆ ನಿನ್ನ ಚರ್ಮ ಕೆಂಪಾಯಿತು. ಅಜ್ಜಿಗೆ ಇದನ್ನು ಹೇಳಿದ ದಿನ ಅವರು ಮಧ್ಯಾಹ್ನವೆಲ್ಲ ಮಾತಾಡಲಿಲ್ಲ.

ಡಾಕ್ಟರು ನನ್ನ ಹೊಟ್ಟೆಯ ಕಡೆ ನೋಡಿ, "ನಿಮ್ಮದೂ ಒಂದು ಟೆಸ್ಟ್ ಮಾಡಿಸಿಬಿಡಿ" ಅಂದರು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ. 5.7 ಮುಟ್ಟಿದರೆ ಎಚ್ಚರಿಕೆ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನನ್ನದು 6.1. ನಿನ್ನ ಸಕ್ಕರೆ ಸರಿಯಾಗಿತ್ತು. ಅಂದರೆ ಮನೆಯಲ್ಲಿ ಮೊದಲು ದಾರಿಗೆ ಬರಬೇಕಾದವನು ನಾನು, ಅಲ್ವಾ?

ಅವರ ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಬೆಳೆಯೋ ಮಕ್ಕಳ ತೂಕ ಇಳಿಸಲೇಬೇಕು ಅಂತಿಲ್ಲವಂತೆ. ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಎಷ್ಟೋ ಸಲ ಅಷ್ಟೇ ಸಾಕು. ಪಥ್ಯ ಬೇಡ, ಉಪವಾಸ ಬೇಡ, ಅವಳೊಬ್ಬಳಿಗೇ ಬೇರೆ ಅಡುಗೆ ಅಂತೂ ಬೇಡವೇ ಬೇಡ ಅಂದರು. ಮನೆಗೆ ಬಂದವನೇ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿದೆ.

ಈಗ ನನ್ನ ಪೊಟ್ಟಣದ ವಿಷಯ. ಆಫೀಸಿನಿಂದ ಬರುತ್ತಾ ದಿನಾ ಅಯ್ಯಂಗಾರ್ ಬೇಕರಿಗೆ ಹೋಗುತ್ತಿದ್ದೆ. ಖಾರ ಬನ್, ಪಲ್ಯದ ಬನ್, ಒಂದೊಂದು ದಿನ ದಿಲ್‌ಪಸಂದ್. ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಸಿಕ್ಕಿಕೊಂಡು ಎಂಟಕ್ಕೆ ಮನೆಗೆ ಬರುವ ಅಪ್ಪನಿಗೆ ಬೇರೇನು ತರೋಕೆ ಬರುತ್ತದೆ? ನೀನು ಬಾಗಿಲಿಗೆ ಓಡಿಬಂದು ಕೈ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ನನಗೆ ಅದೇ ಖುಷಿ. ಪೊಟ್ಟಣ ನಿಲ್ಲಿಸಿದ ಮೊದಲ ವಾರ ಬರಿಗೈಯಲ್ಲಿ ಬಾಗಿಲು ತಟ್ಟೋಕೆ ನನಗೇ ಮುಜುಗರ. ಶನಿವಾರ ಮಾತ್ರ ಅಂತ ಇಟ್ಟುಕೊಂಡೆವು. ಒಂದು ಸಲ ಗುರುವಾರ ನನ್ನ ಶರ್ಟಿನ ಮೇಲೆ ಮಸಾಲೆ ದೋಸೆಯ ಕೆಂಪು ಚಟ್ನಿ ಕಲೆ ಕಂಡು ನೀನು ಏನೂ ಹೇಳದೆ ಬೆರಳು ತೋರಿಸಿದೆ. ದರ್ಶಿನಿಯಲ್ಲಿ ನಿಂತುಕೊಂಡೇ ತಿಂದಿದ್ದೆ. ಒಪ್ಪಿಕೊಂಡೆ.

ಬಾಟಲಿಗಳ ಹಿಂದಿನ ಸಣ್ಣ ಅಕ್ಷರ ಓದೋದು ನಿನಗೆ ಆಟವಾಯಿತು. ಕೂಲ್‌ಡ್ರಿಂಕ್‌ನಲ್ಲಿ 100 ಮಿ.ಲೀ.ಗೆ ಸುಮಾರು 10 ಗ್ರಾಂ ಸಕ್ಕರೆ. ಚಮಚಕ್ಕೆ 4 ಗ್ರಾಂ ಲೆಕ್ಕ ಹಾಕಿ, 250 ಮಿ.ಲೀ. ಬಾಟಲಿಯಲ್ಲಿರುವಷ್ಟು ಸಕ್ಕರೆಯನ್ನು ನೀನು ತಟ್ಟೆಯಲ್ಲಿ ಸುರಿದು ತೋರಿಸಿದೆ: ಆರು ಚಮಚಕ್ಕೂ ಮೇಲೆ. ಅಮ್ಮ "ಕಾಫಿಗೆ ವಾರ ಬರುತ್ತೆ" ಅಂದಳು. ಹಾಲಿಗೆ ಹಾಕುತ್ತಿದ್ದ ಆ ಚಾಕೊಲೇಟ್ ಪುಡಿಯದೂ ಅದೇ ಕತೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಇಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ನಾವು ಡಬ್ಬ ಖಾಲಿ ಮಾಡಿ ಮೆಂತ್ಯ ತುಂಬಿದೆವು.

ರಾಗಿ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತಾನೇ ಸಣ್ಣ ಆಗುತ್ತಾರೆ ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಗೇನಿಲ್ಲ. ಅಕ್ಕಿಗೂ ರಾಗಿ ಹಿಟ್ಟಿಗೂ ಕ್ಯಾಲೊರಿಯಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ಜಾಸ್ತಿ, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಅಷ್ಟೇ. ನಿಜವಾಗಿ ಬದಲಾಗಿದ್ದು ನಮ್ಮ ತಟ್ಟೆಯ ಲೆಕ್ಕ. ಮೊದಲು ಅನ್ನ ಗುಡ್ಡದ ಹಾಗೆ, ಪಲ್ಯ ಉಪ್ಪಿನಕಾಯಿಯ ಹಾಗೆ. ಈಗ ಮೊದಲು ಒಂದು ಬಟ್ಟಲು ಕೋಸಂಬರಿ, ಆಮೇಲೆ ಬಸ್ಸಾರಿನ ಪಲ್ಯ, ಕೊನೆಗೆ ಅನ್ನ. ಗಾಂಧಿ ಬಜಾರಿನಲ್ಲಿ ಸೊಪ್ಪು ಆರಿಸೋದು ನಿನ್ನ ಕೆಲಸ. ದಂಟಿನ ಸೊಪ್ಪಿಗೆ ನೀನು ಚೌಕಾಸಿ ಮಾಡೋದನ್ನು ದೂರದಿಂದ ನೋಡುತ್ತಾ ನಿಂತಿರುತ್ತೇನೆ.

ನಿದ್ದೆಯ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ನಿನ್ನ ಹಾಸಿಗೆ ಹಾಲ್‌ನಲ್ಲಿ, ನನ್ನ ಕ್ರಿಕೆಟ್ಟೂ ಹಾಲ್‌ನಲ್ಲಿ. ನಿನ್ನ ವಯಸ್ಸಿಗೆ ಕಡಿಮೆ ಅಂದರೂ ಒಂಬತ್ತು ಗಂಟೆ ನಿದ್ದೆ ಬೇಕು. ಹನ್ನೊಂದೂವರೆ ತನಕ ನಿನ್ನನ್ನು ಎಚ್ಚರವಾಗಿಟ್ಟು ಬೆಳಿಗ್ಗೆ ಆರೂವರೆಗೆ ಎಬ್ಬಿಸುತ್ತಿದ್ದೆ. ನಿದ್ದೆ ಕೆಟ್ಟರೆ ಹಸಿವೂ ಜಾಸ್ತಿಯಾಗುತ್ತದಂತೆ. ಈಗ ಒಂಬತ್ತಕ್ಕೆ ಟಿವಿ ಬಂದ್. ಫೈನಲ್ ಇದ್ದರೆ ಅಡುಗೆಮನೆಯಲ್ಲಿ ರೇಡಿಯೋ ಸಣ್ಣಗೆ.

ಆಟ ಮಾತ್ರ ಇನ್ನೂ ಕಷ್ಟ. ದಿನಕ್ಕೆ 60 ನಿಮಿಷ ಮಕ್ಕಳು ಮೈ ಬೆವರುವಂತೆ ಓಡಾಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲಿ ಓಡಾಡೋದು? ನಾನು ಲಗೋರಿ ಆಡಿದ ನಮ್ಮ ಬೀದಿಯ ಎರಡೂ ಕಡೆ ಈಗ ಕಾರುಗಳು. ಫುಟ್‌ಪಾತಿನ ಮೇಲೂ ಸ್ಕೂಟರು, ನನ್ನದೂ ಸೇರಿ. ತಾರಸಿಯ ಸ್ಕಿಪ್ಪಿಂಗ್, ಡ್ಯಾನ್ಸ್ ಕ್ಲಾಸಿಗೆ ನಡೆದು ಹೋಗೋದು, ಎಷ್ಟಾಗುತ್ತೋ ಅಷ್ಟು. ಭಾನುವಾರ ಮಾತ್ರ ಲಾಲ್‌ಬಾಗ್. ಸುಮಾರು 300 ಕೋಟಿ ವರ್ಷದ ಬಂಡೆ ಅಂತ ನಾನು ಶುರು ಮಾಡಿದರೆ ನೀನು ಕೇಳಿಸಿಕೊಳ್ಳದೆ ಹತ್ತಿಬಿಡುತ್ತೀಯ. ಜೂನ್‌ನಲ್ಲಿ ಹತ್ತುವಾಗ ಇಬ್ಬರೂ ಎರಡು ಕಡೆ ಕೂತು ಸುಧಾರಿಸಿಕೊಂಡಿದ್ದೆವು. ಹೋದ ವಾರ ನೀನು ಕೆಂಪೇಗೌಡ ಗೋಪುರದ ಹತ್ತಿರ ನಿಂತು "ಅಪ್ಪಾ, ನಿಧಾನಕ್ಕೆ ಬಾ, ಏನೂ ಅವಸರ ಇಲ್ಲ" ಅಂದೆಯಲ್ಲ, ಆ ದನಿಯಲ್ಲಿ ಅಣಕ ಇರಲಿಲ್ಲ. ನನಗೆ ಅದು ಗೊತ್ತಾಯಿತು.

ಯೂನಿಫಾರ್ಮಿನ ಪ್ಯಾಂಟು ಗಿಡ್ಡ ಆಗಿದೆ. ಅಮ್ಮ ಮಡಿಕೆ ಬಿಚ್ಚಿ ಹೊಲಿಯುತ್ತಿದ್ದಾಳೆ. ಬಿಸ್ಕತ್ತು ಈಗಲೂ ಡಬ್ಬದಲ್ಲಿದೆ, ಕೆಳಗಿನ ಶೆಲ್ಫಿನಲ್ಲೇ. ಬೇಕಾದಾಗ ತೆಗೆದುಕೊಂಡು ಹಾಲ್‌ನಲ್ಲಿ ಕೂತು ತಿನ್ನು. ಬಚ್ಚಿಡಬೇಡ.

ಮುಂದಿನ ತಿಂಗಳು ಮತ್ತೊಂದು ಮದುವೆ. ದೊಡ್ಡತ್ತೆ ಬಂದೇ ಬರುತ್ತಾರೆ, ಅಕ್ಕಿಯ ವಿಷಯ ಎತ್ತಿದರೂ ಎತ್ತಬಹುದು. "ಅಕ್ಕಾ, ಅವಳ ಮೈ ಬಗ್ಗೆ ಮಾತು ಬೇಡ" ಅಂತ ಪಂಕ್ತಿಯಲ್ಲೇ ಹೇಳುತ್ತೇನೆ. ಕನ್ನಡಿ ಮುಂದೆ ಎರಡು ಸಲ ಹೇಳಿ ನೋಡಿದೆ. ಎರಡನೇ ಸಲ ದನಿ ಸ್ವಲ್ಪ ಗಟ್ಟಿಯಾಗಿತ್ತು.

ನೀನು ಹೋಳಿಗೆ ಹಾಕಿಸಿಕೋ. ತುಪ್ಪ ಬೇಕಾ ಅಂತ ಕೇಳಿದರೆ ಬೇಕು ಅನ್ನು.

ನಿನ್ನ,
ಅಪ್ಪ