ಎರಡನೆಯ ಸಲ ಕೂರಿಸಿದ ಬಾಗಿಲುಗಳು

ಕಳೆದ ಭಾನುವಾರ ಆ ಗಾಜಿನ ಬೀರು ಮತ್ತೆ ತನ್ನ ಮನೆ ಸೇರಿತು. ಏಳು ತಿಂಗಳ ಹಿಂದೆ ಅದು ನನ್ನ ಕೆಲಸದ ಕೋಣೆಗೆ ವಾಪಸು ಬಂದಾಗ ಎಡ ಬಾಗಿಲಿನ ಹಲಗೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಈ ಏಳು ತಿಂಗಳು ನನ್ನ ಕೈಬಿಡದವರಿಗೆ ಎದುರು ನಿಂತು ಕೃತಜ್ಞತೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ತಪ್ಪು ಪೂರ್ತಿ ನನ್ನದೇ. ಐದು ಅಡಿ ಎತ್ತರದ ಬೀರು. ಬಾಗಿಲುಗಳ ಮೇಲ್ಭಾಗಕ್ಕೆ ಗಾಜು, ಗಾಜಿನ ಮುಂದೆ ಮರದ ಜಾಲರಿ, ಕೆಳಭಾಗಕ್ಕೆ ತೇಗದ ಹಲಗೆ. ಹಲಗೆ ಅಲುಗಾಡಬಾರದೆಂದು ಚೌಕಟ್ಟಿನ ತೋಡಿಗೆ ಸುತ್ತಲೂ ಅಂಟು ಹಾಕಿ ಬಿಗಿದುಬಿಟ್ಟಿದ್ದೆ. ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗದು, ಅಗಲದಲ್ಲಿ ಬದಲಾಗುತ್ತದೆ. 14 ಅಂಗುಲ ಅಗಲದ ತೇಗದ ಹಲಗೆ ತೇವದ ದಿನಗಳು ಕಳೆದು ಒಣ ದಿನಗಳು ಬರುವಷ್ಟರಲ್ಲಿ 3 ಮಿಲಿಮೀಟರಿನಷ್ಟು ಕುಗ್ಗಬಲ್ಲದು. ಕುಗ್ಗಲು ಬಿಡದಿದ್ದರೆ ಸೀಳುತ್ತದೆ. ಇದೆಲ್ಲ ಗೊತ್ತಿದ್ದೂ, ಹೇಳಿದ ದಿನಕ್ಕೆ ಮುಗಿಸುವ ಆತುರದಲ್ಲಿ ಹಾಗೆ ಮಾಡಿದೆ.

ಮೊದಲು ನೆನೆಯಬೇಕಾದವರು ಬೀರಿನ ಒಡತಿ. ಅವರ ಯಜಮಾನರು ಜೀವಮಾನವಿಡೀ ಕೂಡಿಸಿದ ಶಂಖ, ಕಪ್ಪೆಚಿಪ್ಪುಗಳನ್ನು ಇಡಲೆಂದೇ ಮಾಡಿಸಿದ ಬೀರು ಅದು. ಹಣ ಹಿಂದಿರುಗಿಸಲು ಹೋದರೆ ಅವರು ಮುಟ್ಟಲಿಲ್ಲ. "ಹಣ ನಿನ್ನ ಹತ್ತಿರವೇ ಇರಲಪ್ಪ. ಚಿಪ್ಪುಗಳು ಇಷ್ಟು ವರ್ಷ ಡಬ್ಬಿಯಲ್ಲಿದ್ದವು, ಇನ್ನಷ್ಟು ದಿನ ಇರುತ್ತವೆ. ಬೀರನ್ನು ಮಾತ್ರ ನೀನೇ ಸರಿಮಾಡಬೇಕು" ಎಂದರು. ಅಮ್ಮಾ, ಅಂದು ನೀವು ಆ ಹಣ ತೆಗೆದುಕೊಂಡಿದ್ದರೆ ನಾನು ಉಳಿ ಕೆಳಗಿಟ್ಟು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಸೀಳಿದ್ದು ಒಂದು ಹಲಗೆ, ಬದಲಿಸಬೇಕಾದದ್ದು ಎರಡು. ಒಂದೇ ದಪ್ಪ ಹಲಗೆಯನ್ನು ನಡುವೆ ಕೊಯ್ದು, ಪುಸ್ತಕ ಬಿಡಿಸಿದಂತೆ ತೆರೆದು ಅಕ್ಕಪಕ್ಕ ಇಟ್ಟಾಗ ಎಡಗಡೆಯ ಎಳೆಗಳು ಬಲಗಡೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತವೆ. ಬಾಗಿಲುಗಳ ಅಂದವೆಲ್ಲ ಅದರಲ್ಲೇ ಇತ್ತು. ಇಂಥ ಜೋಡಿಯಲ್ಲಿ ಒಂದು ಹೋದರೆ ಉಳಿದದ್ದಕ್ಕೆ ಸಂಗಾತಿ ಎಲ್ಲಿಯೂ ಸಿಗುವುದಿಲ್ಲ. ಆ ಹೊತ್ತಿಗೆ ಗೆಳೆಯನೊಬ್ಬ ತನ್ನ ಬರೆಯುವ ಮೇಜಿಗೆಂದು ಹನ್ನೊಂದು ವರ್ಷ ಕಾಪಿಟ್ಟಿದ್ದ ತೇಗದ ಹಲಗೆಯನ್ನು ಹೆಗಲ ಮೇಲೆ ಹೊತ್ತು ತಂದ. ಬೇಡವೆಂದರೂ ಕೇಳಲಿಲ್ಲ. ಗರಗಸದ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಇಡೀ ದಿನ ಕೊಯ್ದೆವು. ಕೊನೆಗೆ ಎರಡು ಹೋಳುಗಳನ್ನು ಬಿಡಿಸಿ ನೋಡಿದಾಗ ನಡುವೆ ನದಿ ಕವಲೊಡೆದಂತೆ ಎಳೆಗಳು! ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಹೊಸದಾಗಿ ಗಾಳಿ ಕಂಡ ಮರ ಬಾಗುವುದಿದ್ದರೆ ಮೊದಲೇ ಬಾಗಲೆಂದು, ನಡುನಡುವೆ ತೆಳು ಪಟ್ಟಿಗಳನ್ನಿಟ್ಟು ಮೂರು ವಾರ ಹಾಗೇ ಬಿಟ್ಟೆವು.

ಗುರುಗಳು ಬಂದು ಸೀಳಿನ ಮೇಲೆ ಬೆರಳಾಡಿಸಿ, "ಅಂಟು ಹಾಕಿದೆಯಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಹಲಗೆಯ ಮೇಲಂಚಿನ ನಡುವೆ ಒಂದು, ಕೆಳಅಂಚಿನ ನಡುವೆ ಒಂದು ಮರದ ಮೊಳೆ ಬಡಿದು, ಉಳಿದದ್ದನ್ನು ತೋಡಿನೊಳಗೆ ಅಂಟಿಲ್ಲದೆ ಬಿಡುವುದನ್ನು ಅವರು ಕೈಯಾರೆ ತೋರಿಸಿಕೊಟ್ಟರು. ಆಗ ಹಲಗೆ ಎರಡೂ ಬದಿಗೆ ಸಮನಾಗಿ ಹಿಗ್ಗಿ ಕುಗ್ಗುತ್ತದೆ, ಜೋಡಿಯ ಚಿತ್ತಾರ ಒಂದೇ ಕಡೆಗೆ ಜಾರುವುದಿಲ್ಲ. ಚೌಕಟ್ಟಿಗೆ ಕೂರಿಸುವ ಮೊದಲೇ ಹಲಗೆಗೆ ಪಾಲಿಶ್ ಮಾಡಿಸಿದವರೂ ಅವರೇ. ಇಲ್ಲದಿದ್ದರೆ ಮರ ಕುಗ್ಗಿದಾಗ ಅಂಚಿನಲ್ಲಿ ಬಣ್ಣವಿಲ್ಲದ ಗೆರೆಯೊಂದು ಇಣುಕುತ್ತದೆ.

ಹಳೆಯ ಚೌಕಟ್ಟು ಬಿಚ್ಚುವಾಗ ಜಾಲರಿಗಳೂ ಮುರಿದವು. ನನ್ನ ಬಳಿ ಕೆಲಸ ಕಲಿಯುತ್ತಿರುವ ಹುಡುಗಿ ಎರಡನ್ನೂ ಹೊಸದಾಗಿ ಮಾಡಿದಳು. ಒಂದೊಂದು ಬಾಗಿಲಿಗೆ ನೆಟ್ಟಗೆ 5 ಪಟ್ಟಿ, ಅಡ್ಡಕ್ಕೆ 9; ಅಂದರೆ 45 ಕಡೆ ಪಟ್ಟಿಗಳು ಒಂದನ್ನೊಂದು ದಾಟುತ್ತವೆ. ದಾಟುವಲ್ಲೆಲ್ಲ ಎರಡರಲ್ಲೂ ಅರ್ಧ ದಪ್ಪದಷ್ಟು ಕಚ್ಚು ಹಾಕಬೇಕು. ಪಟ್ಟಿಗಳನ್ನೆಲ್ಲ ಒಟ್ಟಿಗೆ ಬಿಗಿದು ಒಂದೇ ಸಲಕ್ಕೆ ಕಚ್ಚು ಕೊಯ್ಯುವ ಉಪಾಯ ಅವಳದು. ಅವಳ ಕೂಡಿಕೆಗಳಲ್ಲಿ ಕೂದಲೂ ತೂರುವುದಿಲ್ಲ. ಬೀರು ನೋಡಿದವರು ಜಾಲರಿಯನ್ನು ಹೊಗಳಿದರೆ ಆ ಹೊಗಳಿಕೆ ಅವಳಿಗೆ ಸಲ್ಲಬೇಕು.

ರಾತ್ರಿ ಹನ್ನೊಂದಕ್ಕೆ ಬಂದು ದೀಪ ಆರಿಸಿ, ಒಂದು ಮಾತೂ ಆಡದೆ ನನ್ನನ್ನು ಕರೆದೊಯ್ಯುತ್ತಿದ್ದ ಹೆಂಡತಿಗೂ ಋಣಿ.

ಭಾನುವಾರ ಬಾಗಿಲು ಕೂರಿಸಿದೆ. ಸುತ್ತ ಒಂದೇ ಮಿಲಿಮೀಟರ್ ಸಂದು. ಹಾಗೆ ಕೂತ ಬಾಗಿಲನ್ನು ಮುಚ್ಚುವಾಗ ಒಳಗಿನ ಗಾಳಿ ಕೊನೆಯ ಕ್ಷಣದಲ್ಲಿ ಅದನ್ನು ಮೆಲ್ಲಗೆ ತಡೆದು, ಆಮೇಲೆ ಬಿಟ್ಟುಕೊಡುತ್ತದೆ. ಅಮ್ಮ ಚಿಪ್ಪುಗಳ ಡಬ್ಬಿಯನ್ನು ಪಕ್ಕಕ್ಕಿಟ್ಟು, ಬಾಗಿಲನ್ನು ನಾಲ್ಕೈದು ಸಲ ತೆರೆದು ಮುಚ್ಚಿ, ಆ ಸದ್ದನ್ನೇ ಆಲಿಸುತ್ತ ನಿಂತರು.

ಈ ಏಳು ತಿಂಗಳು ತಮ್ಮ ಕೆಲಸ ತಡವಾದರೂ ಬೇರೆಯವರ ಬಳಿ ಹೋಗದೆ ಕಾದ ಮೂರು ಮನೆಯವರಿಗೂ ನನ್ನ ನಮಸ್ಕಾರ. ನಿಮ್ಮ ಹಲಗೆಗಳು ಒಣಗಿ ಸಿದ್ಧವಾಗಿವೆ. ನಾಳೆ ಬೆಳಿಗ್ಗೆಯಿಂದ ಕೆಲಸ ಶುರು ಮಾಡುತ್ತೇನೆ. ಗೆಳೆಯನ ಮೇಜಿಗೂ ಮರ ಹುಡುಕುತ್ತಿದ್ದೇನೆ.